ಸಿಹಿ ನೀರಿನ ಬೋರಿಂಗಿಗೆ ಕೆಂಪು ಬಣ್ಣ

ಹೋದ ವರ್ಷ ಆಗಸ್ಟ್ ತಿಂಗಳ ಒಂದು ಬೆಳಿಗ್ಗೆ. ಪ್ರಾರ್ಥನೆ ಇನ್ನೂ ಮುಗಿದಿರಲಿಲ್ಲ. ಇಳಕಲ್ ಸೀರೆ ಉಟ್ಟ ಒಬ್ಬ ಅಜ್ಜಿ ಕೋಲು ಊರಿಕೊಂಡು ಶಾಲೆಯ ಗೇಟು ದಾಟಿ ಒಳಗೆ ಬಂದರು. ಮಕ್ಕಳ ಸಾಲಿನ ನಡುವೆಯೇ ನಡೆದು ನನ್ನ ಮುಂದೆ ನಿಂತರು.

"ಟೀಚರ್ರ, ಆ ಬೋರಿಂಗಿಗೆ ಜಾಗ ಕೊಟ್ಟವರು ನಮ್ಮ ಯಜಮಾನ್ರು. ನಲವತ್ತ ವರ್ಷ ಊರ ಮಂದಿ ಅದರ ನೀರು ಕುಡದಾರ. ನಿಮ್ಮ ಹುಡುಗ್ರು ನಿನ್ನಿ ಬಂದು ಕೆಂಪು ಬಣ್ಣ ಬಳದು ಹೋಗ್ಯಾರ. ನಾವೇನು ಊರಿಗೆ ವಿಷ ಕುಡಿಸಿವೇನ್ರಿ?"

ನನಗೆ ಉತ್ತರ ಹೊಳೆಯಲಿಲ್ಲ. ಕುರ್ಚಿ ತರಿಸಿದೆ. ಅವರು ಕೂರಲಿಲ್ಲ. ಅಷ್ಟು ಹೇಳಿ ವಾಪಸ್ ಹೋದರು.

ನಾನು ಕೊಪ್ಪಳ ಜಿಲ್ಲೆಯ ಕುಷ್ಟಗಿ ತಾಲ್ಲೂಕಿನ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತೇನೆ. ಊರಿನ ಹೆಸರು ಬರೆಯುವುದಿಲ್ಲ. ಯಾಕೆಂದು ಮುಂದೆ ಓದಿದರೆ ತಿಳಿಯುತ್ತದೆ. ಬೋರಿಂಗು ಅಂದರೆ ನಮ್ಮ ಕಡೆ ಕೈಪಂಪಿನ ಕೊಳವೆ ಬಾವಿ. ಪಾಠಕ್ಕೆ ಅಂಟಿದ ಊರಿನ ಕೆಲಸ, ಅಂದರೆ ಸೇವಾ ಕಲಿಕೆ, ಮಾಡಲು ಹೋಗಿ ಎಡವಿದ ಕಥೆ ಇದು. ಆ ಕೆಂಪು ಬಣ್ಣ ತರಿಸಿಕೊಟ್ಟವಳು ನಾನೇ. ಆದ್ದರಿಂದ ಈ ಕಥೆಯನ್ನು ಸರಿಯಾಗಿ ಹೇಳಬೇಕಾದವಳೂ ನಾನೇ.

ಶುರುವಾಗಿದ್ದು ಒಂದು ಪ್ರಶ್ನೆಯಿಂದ. ಜೂನ್‌ನಲ್ಲಿ ಒಂಬತ್ತನೇ ತರಗತಿಗೆ ದ್ರಾವಣಗಳ ಪಾಠ ನಡೆಯುತ್ತಿತ್ತು. ಉಪ್ಪು, ಸಕ್ಕರೆ, ನೀರು, ಶೇಕಡಾವಾರು ಲೆಕ್ಕ. ಸದಾ ಬಾಯಿಗೆ ಕೈ ಅಡ್ಡ ಹಿಡಿದು ನಗುವ ಒಬ್ಬ ಹುಡುಗಿ ತರಗತಿ ಮುಗಿದ ಮೇಲೆ ಬಂದು ಕೇಳಿದಳು: "ಟೀಚರ್ರೀ, ನಮ್ಮೂರಾಗ ಎಲ್ಲಾರ ಹಲ್ಲೂ ಯಾಕ ಹಿಂಗ ಅದಾವ್ರಿ? ನಾ ದಿನಾ ತಿಕ್ಕತೀನ್ರಿ."

ಅವಳ ಮುಂದಿನ ಹಲ್ಲುಗಳ ಮೇಲೆ ಕಂದು ಗೆರೆಗಳಿದ್ದವು. ತರಗತಿಯ ಅರ್ಧಕ್ಕಿಂತ ಜಾಸ್ತಿ ಮಕ್ಕಳಿಗೆ ಅವು ಇದ್ದವು. ನಾನು ನಾಲ್ಕು ವರ್ಷದಿಂದ ನೋಡುತ್ತಲೇ ಇದ್ದೆ. ಕಾರಣವೂ ಗೊತ್ತಿತ್ತು. ಆದರೆ ಅದು ಪಾಠದ ಭಾಗ ಅಂತ ಒಂದು ದಿನವೂ ಅನ್ನಿಸಿರಲಿಲ್ಲ. ಈ ಮಾತು ಇವತ್ತಿಗೂ ನನಗೆ ಚುಚ್ಚುತ್ತದೆ.

ಕಾರಣ ಫ್ಲೋರೈಡ್. ನಮ್ಮ ಕೊಪ್ಪಳ, ರಾಯಚೂರು ಕಡೆ ನೆಲದಡಿ ಇರುವುದು ಹಳೆಯ ಗಟ್ಟಿ ಬಂಡೆ. ಆ ಕಲ್ಲಿನ ಖನಿಜಗಳಲ್ಲಿ ಫ್ಲೋರೈಡ್ ಇದೆ. ಬೋರು ಆಳಕ್ಕೆ ಹೋದಷ್ಟೂ ಸಿಗುವ ನೀರು ಆ ಕಲ್ಲಿನ ಸಂದಿಗಳಲ್ಲಿ ಬಹಳ ಕಾಲ ನಿಂತ ನೀರು. ನಿಂತಷ್ಟೂ ಕರಗುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ದಾಟಬಾರದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ನಡೆದೀತು ಎಂದು ಭಾರತೀಯ ಮಾನಕ ಹೇಳುತ್ತದೆ. ಮಗುವಿನ ಹಲ್ಲು ಒಸಡಿನೊಳಗೆ ರೂಪುಗೊಳ್ಳುವ ಮೊದಲ ಏಳೆಂಟು ವರ್ಷ ಇದಕ್ಕಿಂತ ಜಾಸ್ತಿ ಇರುವ ನೀರು ಕುಡಿದರೆ ಆ ಕಲೆ ಬರುತ್ತದೆ. ಆಮೇಲೆ ಎಷ್ಟು ತಿಕ್ಕಿದರೂ ಹೋಗುವುದಿಲ್ಲ.

ಮಿಲಿಗ್ರಾಂ ಅಂದರೆ ಮಕ್ಕಳ ಕಣ್ಣಿಗೆ ಏನೂ ಕಾಣುವುದಿಲ್ಲ. ಹಾಗಾಗಿ ಶಾಲೆಯ ಮೇಲಿರುವ ಸಾವಿರ ಲೀಟರಿನ ಕರಿ ಟ್ಯಾಂಕು ತೋರಿಸಿದೆ. ಆ ಟ್ಯಾಂಕಿನ ತುಂಬ ನೀರಿಗೆ ಒಂದೂವರೆ ಗ್ರಾಂ. ಕಾಲು ಚಮಚ ಉಪ್ಪಿನಷ್ಟು ತೂಕ. "ಅಷ್ಟಕ್ಕ ಹಲ್ಲು ಹಿಂಗ ಆಗ್ತಾವ?" ಎಂದ ಹಿಂದಿನ ಬೆಂಚಿನ ಹುಡುಗ. ಅವತ್ತು ಆ ಬೆಂಚಿನಿಂದ ಮೊದಲ ಬಾರಿ ಪ್ರಶ್ನೆ ಬಂತು.

ಊರಿನ ನೀರನ್ನು ನಾವೇ ಪರೀಕ್ಷೆ ಮಾಡೋಣ ಎಂದು ಮಕ್ಕಳು ಅಂದರು. ಜಲ ಜೀವನ ಮಿಷನ್ ಕೆಳಗೆ ಪಂಚಾಯಿತಿಗೆ ಕೊಟ್ಟ ನೀರು ಪರೀಕ್ಷೆಯ ಕಿಟ್ ಇತ್ತು. ಹಳ್ಳಿಗೆ ಐದು ಮಂದಿ ಹೆಣ್ಣುಮಕ್ಕಳಿಗೆ ಅದನ್ನು ಬಳಸಲು ಹೇಳಿಕೊಡುವ ಪದ್ಧತಿಯೂ ಇದೆ. ಹಾಗೆ ಕಲಿತ ಸ್ವಸಹಾಯ ಸಂಘದ ಒಬ್ಬ ಅಕ್ಕ ನಮ್ಮ ತರಗತಿಗೆ ಬಂದರು. ಕೊಳವೆಗೆ ಗೆರೆವರೆಗೆ ನೀರು, ಅದಕ್ಕೆ ಔಷಧದ ಹನಿ, ಅಲುಗಾಡಿಸಿ ಸ್ವಲ್ಪ ಹೊತ್ತು ಕಾಯುವುದು, ಆಮೇಲೆ ಬಣ್ಣದ ಪಟ್ಟಿಯ ಪಕ್ಕ ಹಿಡಿದು ನೋಡುವುದು. ಗುಲಾಬಿ ಇದ್ದರೆ ಫ್ಲೋರೈಡ್ ಕಡಿಮೆ. ಹಳದಿಗೆ ತಿರುಗಿದಷ್ಟೂ ಜಾಸ್ತಿ. ಏಳನೇ ಕ್ಲಾಸಿಗೆ ಓದು ಬಿಟ್ಟ ಆ ಅಕ್ಕ ನನಗಿಂತ ಚೆನ್ನಾಗಿ ಹೇಳಿಕೊಟ್ಟರು. ಮಕ್ಕಳು ಅವರನ್ನು ಅವತ್ತಿನಿಂದ "ಟೀಚರ್" ಅನ್ನುತ್ತಾರೆ.

ಜುಲೈ ತಿಂಗಳ ನಾಲ್ಕು ಶನಿವಾರ ತಿರುಗಿದೆವು. ಪಂಚಾಯಿತಿ ಬೋರುಗಳು, ಓಣಿಯ ಬೋರಿಂಗುಗಳು, ಹೊಲದ ಬೋರು, ಫಿಲ್ಟರ್ ನೀರಿನ ಘಟಕ, ಅಗಸಿ ಅಂದರೆ ಊರ ಬಾಗಿಲಿನ ಹತ್ತಿರದ ಹಾಳು ಬಾವಿ, ನಮ್ಮ ಶಾಲೆಯ ಬೋರು. ಒಟ್ಟು ಹತ್ತೊಂಬತ್ತು ಕಡೆ. ಒಂದೊಂದು ಕಡೆಯೂ ಮೂರು ಸಲ ಪರೀಕ್ಷೆ. ಮೂರು ಜನ ಬೇರೆ ಬೇರೆ ನೋಡಿ ಬಣ್ಣ ಬರೆಯಬೇಕು, ಒಬ್ಬರದ್ದು ಒಬ್ಬರು ನೋಡಬಾರದು. ಸರಾಸರಿ ಯಾಕೆ ಬೇಕು ಎಂದು ಮಕ್ಕಳಿಗೆ ಗಣಿತದ ಪುಸ್ತಕಕ್ಕಿಂತ ಇಲ್ಲಿ ಚೆನ್ನಾಗಿ ಅರ್ಥವಾಯಿತು. ಒಬ್ಬ "ತಿಳಿ ಹಳದಿ" ಅಂದರೆ ಇನ್ನೊಬ್ಬಳು "ಗುಲಾಬೀನೇ ಐತಿ" ಅನ್ನುತ್ತಿದ್ದಳು. ಒಂದು ಸಂಜೆ ಬೆಳಕು ಕಡಿಮೆಯಾದ ಮೇಲೆ ಬರೆದಿದ್ದನ್ನೆಲ್ಲ ಅಳಿಸಿ ಮರುದಿನ ಮತ್ತೆ ಹೋದೆವು.

ನಮ್ಮನ್ನು ದಂಗುಬಡಿಸಿದ್ದು ಆ ಅಜ್ಜಿಯ ಮನೆ ಮುಂದಿನ ಬೋರಿಂಗು. ಊರಲ್ಲೇ ಅದು ಸಿಹಿ ನೀರು. ಬ್ಯಾಳಿ ಬೇಗ ಬೇಯುತ್ತದೆ, ಸೋಪು ಚೆನ್ನಾಗಿ ನೊರೆ ಬರುತ್ತದೆ ಎಂದು ಬೇರೆ ಓಣಿಯವರೂ ಕೊಡ ತರುತ್ತಿದ್ದರು. ಕೊಳವೆಯಲ್ಲಿ ಮಾತ್ರ ಎಲ್ಲಕ್ಕಿಂತ ಗಾಢ ಹಳದಿ ಬಂದಿದ್ದು ಅದೇ ನೀರಿಗೆ. ಸವಳು ನೀರು ಎಂದು ಎಲ್ಲರೂ ಬಿಟ್ಟಿದ್ದ ಇನ್ನೊಂದು ಬೋರಿಂಗಿನಲ್ಲಿ ಫ್ಲೋರೈಡ್ ಕಡಿಮೆ ಇತ್ತು.

ಇದು ಆಶ್ಚರ್ಯ ಅನ್ನಿಸಿದರೂ ರಸಾಯನಶಾಸ್ತ್ರಕ್ಕೆ ಹೊಸದಲ್ಲ. ನೀರಿನಲ್ಲಿ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ ಇದ್ದರೆ ಅದು ಫ್ಲೋರೈಡನ್ನು ಹಿಡಿದು ಕೆಳಗೆ ಕೂರಿಸುತ್ತದೆ. ಕ್ಯಾಲ್ಸಿಯಂ ಕಡಿಮೆ ಇರುವ ಮೆದು ನೀರಿನಲ್ಲಿ ಫ್ಲೋರೈಡ್ ಆರಾಮಾಗಿ ಕರಗಿ ಇರುತ್ತದೆ. ಅದಕ್ಕೆ ರುಚಿಯಿಲ್ಲ, ವಾಸನೆಯಿಲ್ಲ, ಬಣ್ಣವಿಲ್ಲ. ನಾಲಿಗೆ ಹೇಳಿದ್ದನ್ನು ನಂಬುವಂತಿಲ್ಲ. ಕಾಯಿಸಿದರೂ ಹೋಗುವುದಿಲ್ಲ. ನೀರು ಆವಿಯಾಗಿ ಫ್ಲೋರೈಡ್ ಉಳಿಯುವುದರಿಂದ ಇನ್ನೂ ಸ್ವಲ್ಪ ಜಾಸ್ತಿಯೇ ಆಗುತ್ತದೆ. ಬಟ್ಟೆಯಲ್ಲಿ ಸೋಸಿದರೂ ಅಷ್ಟೇ.

ಮಕ್ಕಳ ರಕ್ತ ಬಿಸಿಯಾಯಿತು. ನನ್ನದೂ. 1.5 ದಾಟಿದ ಬೋರಿಂಗುಗಳಿಗೆ ಕೆಂಪು, ಉಳಿದವಕ್ಕೆ ಹಸಿರು ಬಳಿಯೋಣ ಅಂದರು. ಒಳ್ಳೆ ಕೆಲಸ ಅಲ್ವಾ ಎಂದು ನಾನು ಎರಡು ಡಬ್ಬಿ ಬಣ್ಣ ತರಿಸಿದೆ. ಯಾರನ್ನೂ ಕೇಳಲಿಲ್ಲ. ಪಂಚಾಯಿತಿಯನ್ನು ಕೇಳಲಿಲ್ಲ, ಓಣಿಯವರನ್ನು ಕೇಳಲಿಲ್ಲ, ಆ ಅಜ್ಜಿಯನ್ನಂತೂ ಕೇಳಲೇ ಇಲ್ಲ.

ಮರುದಿನ ಬೆಳಿಗ್ಗೆ ಅವರು ಬಂದರು.

ಶಾಲೆಗಳಲ್ಲಿ ಸೇವೆ ಅನ್ನುವ ಮಾತು ಹೊಸದಲ್ಲ. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಕೈಕೆಲಸದ ಮೂಲಕವೇ ಪಾಠ ಆಗಬೇಕು ಎಂದು ನಯೀ ತಾಲೀಮ್ ಮುಂದಿಟ್ಟರು. ಅವರ ಜನ್ಮಶತಾಬ್ದಿಯ ವರ್ಷ, 1969ರ ಸೆಪ್ಟೆಂಬರ್ 24ರಂದು, ಕಾಲೇಜುಗಳಿಗೆ ಎನ್‌ಎಸ್‌ಎಸ್, ಅಂದರೆ ರಾಷ್ಟ್ರೀಯ ಸೇವಾ ಯೋಜನೆ, ಬಂತು. ನಾನೂ ಡಿಗ್ರಿ ಓದುವಾಗ ಎನ್‌ಎಸ್‌ಎಸ್ ಕ್ಯಾಂಪಿಗೆ ಹೋಗಿದ್ದೆ. ಏಳು ದಿನ ಗಟಾರ ಸ್ವಚ್ಛ ಮಾಡಿದೆವು, ರಾತ್ರಿ ಹಾಡು ಹೇಳಿದೆವು, ವಾಪಸ್ ಬಂದೆವು. ಆ ಗಟಾರ ಯಾಕೆ ಕಟ್ಟಿಕೊಳ್ಳುತ್ತಿತ್ತು ಎಂದು ನಮಗೆ ಯಾರೂ ಕೇಳಲಿಲ್ಲ. ನಾವೂ ಕೇಳಿಕೊಳ್ಳಲಿಲ್ಲ.

ಸೇವಾ ಕಲಿಕೆ ಅನ್ನುವುದು ಇದರಿಂದ ಬೇರೆಯಾಗುವುದು ಅಲ್ಲೇ. ಮಾಡುವ ಕೆಲಸ ಓದುವ ಪಾಠಕ್ಕೆ ಅಂಟಿಕೊಂಡಿರಬೇಕು. ಮಾಡಿದ ಮೇಲೆ ಕೂತು ಯೋಚಿಸಬೇಕು, ಬರೆಯಬೇಕು. ಕೆಲಸ ಊರಿಗೆ ನಿಜವಾಗಿ ಬೇಕಾಗಿರಬೇಕು. 1960ರ ದಶಕದಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಈ ಹೆಸರು ಬಳಕೆಗೆ ಬಂತು. ಹೆಸರು ತಂದವರಲ್ಲಿ ಒಬ್ಬರಾದ ರಾಬರ್ಟ್ ಸಿಗ್ಮನ್ 1979ರಲ್ಲಿ ಮೂರು ಸೂತ್ರ ಬರೆದರು. ಅದರಲ್ಲಿ ಮೊದಲನೆಯದು ಇದು: ಏನು ಸೇವೆ ಬೇಕು ಅನ್ನುವ ಹಿಡಿತ ಸೇವೆ ಪಡೆಯುವವರ ಕೈಯಲ್ಲಿರಬೇಕು. ಒಂದು ತರಬೇತಿಯಲ್ಲಿ ನಾನು ಇದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೆ. ಅಜ್ಜಿ ಬಂದು ಹೋದ ಮೇಲೆ ಆ ಪುಟ ತೆಗೆದು ನೋಡಿದೆ.

ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು. ಎಷ್ಟೋ ಶಾಲೆಗಳಲ್ಲಿ ಸೇವೆಯ ಹೆಸರಲ್ಲಿ ಮಕ್ಕಳ ಕೈಗೆ ಕಸಬರಿಗೆ ಕೊಡುತ್ತಾರೆ. ಆ ಕಸಬರಿಗೆ ಯಾರ ಕೈಗೆ ಹೋಗುತ್ತದೆ ನೋಡಿ. ಹೆಣ್ಣುಮಕ್ಕಳ ಕೈಗೆ. ಬಡವರ, ದಲಿತರ ಮಕ್ಕಳ ಕೈಗೆ. ಅದು ಸೇವೆಯೂ ಅಲ್ಲ, ಕಲಿಕೆಯೂ ಅಲ್ಲ. ದುಡ್ಡು ಕೊಡದೆ ಮಾಡಿಸುವ ದುಡಿಮೆ. ಎರಡನ್ನೂ ಒಂದೇ ಹೆಸರಲ್ಲಿ ಕರೆಯಬಾರದು.

ಅವತ್ತು ತರಗತಿಯಲ್ಲಿ ಪಾಠ ಮಾಡಲಿಲ್ಲ. ಅಜ್ಜಿ ಹೇಳಿದ್ದನ್ನು ಹಾಗೇ ಹೇಳಿದೆ. ತಪ್ಪು ನನ್ನದು ಎಂದೂ ಹೇಳಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. "ನಾವು ಹೇಳಿದ್ದು ಸುಳ್ಳಲ್ಲಲ್ರಿ" ಎಂದ ಒಬ್ಬ. "ಸುಳ್ಳಲ್ಲ, ಆದ್ರ ನಮ್ಮ ಮನಿ ಗ್ವಾಡಿಗೆ ಯಾರರ ಹಂಗ ಬಳದ್ರ?" ಎಂದಳು ಇನ್ನೊಬ್ಬಳು. ಈ ಎರಡು ಮಾತಿನ ನಡುವೆ ಒಂದು ಪೀರಿಯಡ್ ಹೋಯಿತು. ನನ್ನ ಹನ್ನೊಂದು ವರ್ಷದ ನೌಕರಿಯಲ್ಲಿ ಅಷ್ಟು ಒಳ್ಳೆಯ ಪೀರಿಯಡ್ ಇನ್ನೊಂದಿಲ್ಲ.

ಸಂಜೆ ಐದು ಮಕ್ಕಳನ್ನು ಕರೆದುಕೊಂಡು ಅಜ್ಜಿಯ ಮನೆಗೆ ಹೋದೆ. ಮೊದಲು ಬೋರಿಂಗಿನ ಬಣ್ಣ ತಿಕ್ಕಿ ತೆಗೆದೆವು. ಸೀಮೆಎಣ್ಣೆ, ಹಳೇ ಬಟ್ಟೆ, ಒಂದು ತಾಸು. ಅಜ್ಜಿ ಕಟ್ಟೆಯ ಮೇಲೆ ಕೂತು ನೋಡುತ್ತಲೇ ಇದ್ದರು. ಮುಗಿದ ಮೇಲೆ ಒಳಗೆ ಕರೆದು ಎಲ್ಲರಿಗೂ ಚುರುಮುರಿ ಕೊಟ್ಟರು. ಆಮೇಲೆ ಮಾತು ಶುರುವಾಯಿತು. ಪರೀಕ್ಷೆ ಏನು, ಹಳದಿ ಅಂದರೆ ಏನು ಎಂದು ಆ ಹುಡುಗಿಯೇ ಹೇಳಿದಳು. ಕೈ ಅಡ್ಡ ಹಿಡಿಯದೆ, ತನ್ನ ಹಲ್ಲು ತೋರಿಸಿ ಹೇಳಿದಳು.

ಅಜ್ಜಿ ಬಗ್ಗಿ ನೋಡಿದರು. ಆಮೇಲೆ ತಮ್ಮ ಬಾಯಿ ತೆರೆದು ತೋರಿಸಿದರು. ಉಳಿದಿದ್ದ ಹಲ್ಲುಗಳು ಎಲೆ ಅಡಿಕೆಯಿಂದ ಕೆಂಪಾಗಿದ್ದವು. ಆದರೆ ಆ ಕಂದು ಗೆರೆ ಇರಲಿಲ್ಲ.

"ನನಗ ಇಲ್ಲಲ್ಲವಾ. ನನ್ನ ಮಗಗ ಐತಿ, ಮೊಮ್ಮಕ್ಕಳಿಗೆ ಐತಿ. ನಾನೂ ಇದ ಊರಾಗ ಹುಟ್ಟೀನಿ. ನನಗ್ಯಾಕ ಇಲ್ಲ?"

ಮಕ್ಕಳು ನನ್ನ ಮುಖ ನೋಡಿದರು. ನಾನು ಅಜ್ಜಿಯ ಮುಖ ನೋಡಿದೆ. ಸಣ್ಣವರಿದ್ದಾಗ ಯಾವ ನೀರು ಕುಡಿಯುತ್ತಿದ್ದಿರಿ ಎಂದು ಕೇಳಿದೆ.

ಅಗಸಿ ಬಾವಿ, ಎಂದರು. ಮೆಟ್ಟಿಲು ಇಳಿದು ಕೊಡ ತುಂಬುತ್ತಿದ್ದರಂತೆ. ಬೇಸಿಗೆಯಲ್ಲಿ ಕೆರೆಯ ನೀರು. ಆಮೇಲೆ ಅವರು ಹೇಳಿದ್ದು ನಾವು ಯಾರೂ ಎಣಿಸಿರದ ಮಾತು. ಅವರ ತಮ್ಮನ ಕಾಲಿನಲ್ಲಿ ನಾರುಹುಣ್ಣು ಆಗಿತ್ತು. ಬೊಬ್ಬೆ ಎದ್ದು, ಅದರೊಳಗಿಂದ ದಾರದಂಥ ಹುಳು ಬರುತ್ತಿತ್ತು. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಇಷ್ಟಿಷ್ಟೇ ಎಳೆಯುತ್ತಿದ್ದರು. ಓಣಿಗೊಬ್ಬರು ಹಾಗೆ ಬಿದ್ದುಕೊಂಡಿರುತ್ತಿದ್ದರು. ಬಾವಿ ನೀರಿನಿಂದ ಬರುತ್ತದೆ ಎಂದು ಗೊತ್ತಾದ ಮೇಲೆ ಬೋರಿಂಗು ಹಾಕಿದರು. ಅದಕ್ಕೇ ಅವರ ಯಜಮಾನರು ಮನೆ ಮುಂದಿನ ಜಾಗ ಬಿಟ್ಟುಕೊಟ್ಟಿದ್ದು.

ನಾರುಹುಣ್ಣಿನ ಹುಳುವಿನ ಮರಿಗಳು ನೀರಿನ ಸಣ್ಣ ಜೀವಿಗಳ ಹೊಟ್ಟೆ ಸೇರುತ್ತವೆ. ಆ ನೀರು ಕುಡಿದವರ ಮೈಯಲ್ಲಿ ಹುಳು ಬೆಳೆಯುತ್ತದೆ. ಹುಣ್ಣಿನ ಕಾಲು ಇಟ್ಟು ಇಳಿಯುವ ಮೆಟ್ಟಿಲು ಬಾವಿಯೇ ಅದಕ್ಕೆ ಮನೆ. ಮೆಟ್ಟಿಲು ಬಾವಿ ಮುಚ್ಚಿ, ಬಟ್ಟೆಯಲ್ಲಿ ಸೋಸಿ, ಬೋರಿಂಗು ಹಾಕಿ ಆ ರೋಗ ಓಡಿಸಿದರು. 2000ದಲ್ಲಿ ಭಾರತ ನಾರುಹುಣ್ಣು ಮುಕ್ತ ಎಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು. ಅಂದರೆ ನಾವು ಕೆಂಪು ಬಳಿದ ಆ ಬೋರಿಂಗು ಒಂದು ತಲೆಮಾರಿನ ಕಾಲು ಉಳಿಸಿತ್ತು. ಮುಂದಿನ ತಲೆಮಾರಿನ ಹಲ್ಲಿಗೆ ಕಲೆ ತಂದಿದ್ದೂ ಅದೇ. ಎರಡೂ ನಿಜ. ಜಾಗ ಕೊಟ್ಟವರು ಒಳ್ಳೆಯದನ್ನೇ ಮಾಡಿದ್ದರು.

"ನನಗ್ಯಾಕ ಇಲ್ಲ" ಅನ್ನುವ ಪ್ರಶ್ನೆಯೇ ನಮ್ಮ ಮುಂದಿನ ಕೆಲಸವಾಯಿತು. ಸೆಪ್ಟೆಂಬರ್ ಪೂರ್ತಿ ಮಕ್ಕಳು ಮನೆಮನೆಗೆ ಹೋದರು. ಕೇಳಬೇಕಾದ್ದು ಮೂರೇ ಪ್ರಶ್ನೆ. ಹುಟ್ಟಿದ ವರ್ಷ ಯಾವುದು, ಎಂಟು ವರ್ಷ ಆಗುವವರೆಗೆ ಎಲ್ಲಿಯ ನೀರು ಕುಡಿದಿರಿ, ಹಲ್ಲಿನ ಮೇಲೆ ಗೆರೆ ಇದೆಯೇ. ಈ ಸಲ ಮೊದಲು ಓಣಿಯ ಹಿರಿಯರನ್ನು ಕೇಳಿದೆವು. ಹೆಸರು ಬರೆಯಬಾರದು, ಫೋಟೊ ತೆಗೆಯಬಾರದು ಎಂದು ಅವರೇ ಹೇಳಿದರು. ಮದುವೆ ವಯಸ್ಸಿನ ಹೆಣ್ಣುಮಕ್ಕಳ ಊರಿಗೆ ಇಂಥ ಹೆಸರು ಅಂಟಿದರೆ ಏನಾಗುತ್ತದೆ ಎಂದು ನಾನು ಯೋಚಿಸಿಯೇ ಇರಲಿಲ್ಲ. ನಾನು ಊರಿನ ಹೆಸರು ಬರೆಯದ್ದು ಇದಕ್ಕೇ.

ಲೆಕ್ಕ ಗೋಡೆಯ ಮೇಲೆ ಅಂಟಿಸಿದಾಗ ಸಾಲು ಸ್ಪಷ್ಟವಾಗಿತ್ತು. ಬಾವಿ, ಕೆರೆ ನೀರು ಕುಡಿದು ಬೆಳೆದ ಹಿರಿಯರಲ್ಲಿ ಗೆರೆ ಬಹಳ ಅಪರೂಪ. ಬೋರಿಂಗು ಬಂದ ಮೇಲೆ ಹುಟ್ಟಿದವರಲ್ಲಿ ಜಾಸ್ತಿ. ಬೇರೆ ಊರಿನಿಂದ ಸೊಸೆಯರಾಗಿ ಬಂದವರಲ್ಲಿ ಒಬ್ಬೊಬ್ಬರದು ಒಂದೊಂದು ರೀತಿ. ಅವರ ಹಲ್ಲು ತವರಿನ ನೀರಿನ ಕಥೆ ಹೇಳುತ್ತಿತ್ತು. ಇದನ್ನು ಕಂಡುಹಿಡಿದಿದ್ದು ಗಣಿತದಲ್ಲಿ ಮೂವತ್ತೈದು ದಾಟದ ಒಬ್ಬ ಹುಡುಗ. "ಟೀಚರ್ರೀ, ಸೊಸ್ತ್ಯಾರನ್ನ ಬ್ಯಾರೆ ಕಾಲಮ್ಮಿಗೆ ಹಾಕೂನ್ರಿ" ಎಂದ. ಹಾಕಿದ ಮೇಲೆ ಎಲ್ಲ ಸರಿ ಹೊಂದಿತು.

ಇನ್ನೊಂದು ವಿಷಯವೂ ಆಗ ಸಿಕ್ಕಿತು. ಎಷ್ಟೋ ಮನೆಯವರು ಐದು ರೂಪಾಯಿ ಹಾಕಿ ಇಪ್ಪತ್ತು ಲೀಟರ್ ಫಿಲ್ಟರ್ ನೀರು ತರುತ್ತಾರೆ. ಕುಡಿಯಲು ಅದೇ. ಆದರೆ ಅಡುಗೆಗೆ ಬೋರಿನ ನೀರು. ಅನ್ನ, ಬೇಳೆ ಬೇಯುವಾಗ ನೀರನ್ನು ಕುಡಿಯುತ್ತವಲ್ಲ, ಆ ನೀರಿನ ಫ್ಲೋರೈಡೂ ತಟ್ಟೆಗೇ ಬರುತ್ತದೆ. ಚಹಾ ಸೊಪ್ಪಿನಲ್ಲೇ ಬೇರೆ ಫ್ಲೋರೈಡ್ ಇದೆ. ಅದನ್ನು ಬೋರಿನ ನೀರಿನಲ್ಲಿ ಕುದಿಸಿದರೆ ಎರಡೂ ಸೇರಿತು.

ಹಾಗಾದರೆ ನಮ್ಮ ಬಿಸಿಯೂಟ? ಶಾಲೆಯ ಬೋರೂ ಹಳದಿ ಗುಂಪಿನಲ್ಲೇ ಇತ್ತು. ಬೇರೆಯವರ ಬಾಗಿಲಿಗೆ ಹೋಗುವ ಮೊದಲು ನಮ್ಮದು ಸರಿ ಮಾಡೋಣ ಎಂದು ಮಕ್ಕಳೇ ಅಂದರು. ಅಡುಗೆಯ ಅಕ್ಕಂದಿರನ್ನು ಕೇಳಿದರು. ಅನ್ನ ಸಾರಿಗೆ ದಿನಕ್ಕೆ ಮೂರು ಕ್ಯಾನು ಸಾಕು ಎಂದರು. ಹದಿನೈದು ರೂಪಾಯಿ. ಮಕ್ಕಳು ತಿಂಗಳ ಲೆಕ್ಕ ಹಾಕಿ ಕನ್ನಡ ಪಿರಿಯಡ್‌ನಲ್ಲಿ ಮನವಿ ಪತ್ರ ಬರೆದರು. ಶಾಲಾಭಿವೃದ್ಧಿ ಸಮಿತಿಯವರು ಒಪ್ಪಿದರು. ಅವತ್ತಿನಿಂದ ಬೇಳೆಯೂ ಬೇಗ ಬೇಯುತ್ತಿದೆ, ಗ್ಯಾಸೂ ಉಳಿಯುತ್ತಿದೆ ಎಂದು ಅಕ್ಕಂದಿರಿಗೆ ಖುಷಿ.

ನವೆಂಬರ್‌ನಲ್ಲಿ ಪಂಚಾಯಿತಿಯ ಮಕ್ಕಳ ಗ್ರಾಮ ಸಭೆ. ಆ ಹುಡುಗಿ ಓದಿದಳು. ಮೂರು ಬೇಡಿಕೆ. ನೀರನ್ನು ಪ್ರಯೋಗಾಲಯಕ್ಕೆ ಕಳಿಸಿ, ಯಾಕೆಂದರೆ ನಮ್ಮ ಕಿಟ್ ಅಂದಾಜು ಮಾತ್ರ ಹೇಳುತ್ತದೆ. ಯಾವ ನೀರು ಬಟ್ಟೆಗೆ, ಯಾವುದು ಕುಡಿಯಲು ಎಂದು ಓಣಿಯವರು ಒಪ್ಪಿದ ಮಾತಿನಲ್ಲಿ ಬೋರ್ಡು ಹಾಕಿ. ಫಿಲ್ಟರ್ ಘಟಕ ಕೆಟ್ಟರೆ ಎಷ್ಟು ದಿನದಲ್ಲಿ ರಿಪೇರಿ ಎಂದು ಹೇಳಿ. ಮೊದಲನೆಯದು ಆಯಿತು. ವರದಿ ನಮ್ಮ ಹಳದಿಯನ್ನೇ ಹೇಳಿತು. ಎರಡನೆಯದೂ ಆಯಿತು. ಮೂರನೆಯದಕ್ಕೆ ಇನ್ನೂ ಉತ್ತರ ಬಂದಿಲ್ಲ. ಫಿಲ್ಟರ್ ಘಟಕ ಈ ಬೇಸಿಗೆಯಲ್ಲಿ ಹತ್ತೊಂಬತ್ತು ದಿನ ಬಂದ್ ಇತ್ತು. ಮಕ್ಕಳು ತಾರೀಖು ಬರೆದಿಟ್ಟಿದ್ದಾರೆ.

ಸಿಹಿ ನೀರಿನ ಬೋರಿಂಗಿನ ಬೋರ್ಡಿನ ಮೊದಲ ಸಾಲು ಅಜ್ಜಿಯದು. ಜಾಗ ಕೊಟ್ಟವರ ಹೆಸರು ಮೇಲೆ ಇರಬೇಕು ಎಂದರು. ಅದರ ಕೆಳಗೆ: "ಈ ನೀರು ಬಳಕೆಗೆ. ಕುಡಿಯಲು, ಅಡುಗೆಗೆ ಬೇಡ." ನಾವು ಬರೆದಿದ್ದರೆ ಅಪಾಯ ಅಂತ ಬರೆಯುತ್ತಿದ್ದೆವು. ಜನ ಈಗ ಆ ಬೋರ್ಡನ್ನು ಓದುತ್ತಾರೆ, ಕೇಳುತ್ತಾರೆ. ಕೆಂಪು ಬಣ್ಣಕ್ಕೆ ಬೈದು ಅದೇ ನೀರು ತುಂಬಿಕೊಂಡು ಹೋಗುತ್ತಿದ್ದರು.

"ಇದೆಲ್ಲ ಸರಿ, ಸಿಲಬಸ್ ಯಾವಾಗ ಮುಗಿಸ್ತೀರಿ" ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಹತ್ತನೇ ತರಗತಿಯ ಒತ್ತಡ ನನಗೂ ಗೊತ್ತು. ದ್ರಾವಣಗಳ ಪಾಠಕ್ಕೆ ಬೇರೆ ವರ್ಷಗಳಿಗಿಂತ ಜಾಸ್ತಿ ಪೀರಿಯಡ್ ಹೋದವು, ಎರಡು ಬೇರೆ ಪಾಠ ಅವಸರದಲ್ಲಿ ಮುಗಿಸಿದೆ. ಆದರೂ ನಾನು ಮತ್ತೆ ಹೀಗೇ ಮಾಡುತ್ತೇನೆ. ಇಡೀ ಪುಸ್ತಕಕ್ಕೆ ಇದು ಆಗದು. ವರ್ಷಕ್ಕೆ ಒಂದು ಕೆಲಸ ಸಾಕು. ಶುರು ಮಾಡುವ ಮೊದಲು ಮೊದಲ ಎರಡು ವಾರ ಊರಿನವರನ್ನು ಕೇಳುವುದಕ್ಕೇ ಇಡಿ. ನನಗೆ ಆ ಎರಡು ವಾರ ಇಲ್ಲದ್ದಕ್ಕೆ ಒಂದು ತಾಸು ಸೀಮೆಎಣ್ಣೆ, ಮತ್ತೆ ಆ ಅಜ್ಜಿಯ ಮನಸ್ಸಿನ ನೋವು ಬೇಕಾಯಿತು.

ಈ ವರ್ಷದ ಕೆಲಸವನ್ನೂ ಅವರೇ ಹೇಳಿದ್ದು. "ಮಳಿ ನೀರಾಗ ಏನೂ ಇರಂಗಿಲ್ಲಂತೀರಿ, ಅದನ್ನ ಯಾಕ ಹಿಡ್ಯಂಗಿಲ್ಲ?" ಒಂದು ಚದರ ಮೀಟರ್ ಮಾಳಿಗೆಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಮಕ್ಕಳು ಶಾಲೆಯ ಮಾಳಿಗೆಯನ್ನು ಟೇಪು ಹಿಡಿದು ಅಳೆದಿದ್ದಾರೆ. ಎಷ್ಟು ಮಳೆ ಬೀಳುತ್ತದೆ ಎಂದು ತಿಳಿಯಲು ನಾಲ್ಕು ಕಡೆ ನೇರ ಗೋಡೆಯ ಬಾಟಲಿಗೆ ಸ್ಕೇಲು ಅಂಟಿಸಿ ಇಟ್ಟಿದ್ದಾರೆ. ಒಂದು ಅಜ್ಜಿಯ ಅಂಗಳದಲ್ಲಿದೆ. ಅಜ್ಜಿಗೆ ಓದು ಬಾರದು. ಸಣ್ಣ ಗೆರೆ ಎಣಿಸುತ್ತಾರೆ.

ಮೊನ್ನೆ ರಾತ್ರಿ ಗುಡುಗು ಸಮೇತ ಮಳೆ. ಬೆಳಿಗ್ಗೆ ಪ್ರಾರ್ಥನೆಗೆ ಮೊದಲೇ ಮೊಮ್ಮಗ ಓಡಿ ಬಂದ. "ಟೀಚರ್ರೀ, ಹದಿನಾಲ್ಕು ಗೆರಿ ಬಿದ್ದೈತಂತ್ರಿ. ಬಾಟ್ಲಿ ಚೆಲ್ಲಲೋ ಇಡಲೋ ಅಂತ ಕೇಳ್ಯಾಳ್ರಿ ನಮ್ಮಜ್ಜಿ." ಚೆಲ್ಲಿ ಮತ್ತೆ ಅಲ್ಲೇ ಇಡಲು ಹೇಳು ಎಂದೆ. ಒಂಬತ್ತನೇ ತರಗತಿಯವರು ಗೋಡೆಯ ಪಟ್ಟಿಯಲ್ಲಿ 14 ಎಂದು ಬರೆದರು.